ಬೇರು ನಂಬರ್ ಹದಿನೇಳು

ಮನೆಯಿಂದ, ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು
ಶುಕ್ರವಾರ, ತಾರೀಕು ಹದಿನಾಲ್ಕು, ಮಧ್ಯಾಹ್ನ

ಪ್ರೀತಿಯ ಮನೆಯೊಡತಿಗೆ,

ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳುತ್ತೀಯೋ, ಇಲ್ಲ, ನನಗೇನಾಗಿದೆ ಎಂದು ಮಗುವನ್ನೂ ಎತ್ತಿಕೊಂಡು ಓಡುತ್ತೀಯೋ? ಮೂವತ್ತು ವರ್ಷ ವಾರ್ಡಿನಲ್ಲಿ ಊರವರಿಗೆಲ್ಲ ಹೊತ್ತು ಹೊತ್ತಿಗೆ ಮಾತ್ರೆ ನುಂಗಿಸಿದ ಸಿಸ್ಟರ್ ನೀನು, ನಿನ್ನ ಮಾತ್ರೆಯನ್ನು ಮಾತ್ರ ಮರೆಯುತ್ತೀಯ. ಡಬ್ಬಿಯನ್ನು ನಿನ್ನ ಕಣ್ಣಿಗೆ ಬೀಳುವಲ್ಲಿ ಇಡು ಎಂದು ಮಗಳಿಗೆ ಹೇಳಿದ್ದೇನೆ. ಮೊಮ್ಮಗಳು ಈಗಲಾದರೂ ನಿಮ್ಮನ್ನು ಮಲಗಲು ಬಿಡುತ್ತಿದ್ದಾಳೆಯೇ? ಅಳಿಯ ಕಳಿಸಿದ ಫೋಟೋದಲ್ಲಿ ನೋಡಿದೆ, ಮೂಗು ಥೇಟ್ ನನ್ನದೇ. ಪಾಪ, ಬೆಳೆಯುತ್ತಾ ಸರಿಹೋಗಲಿ. ನಾನು ಆರೋಗ್ಯವಾಗಿದ್ದೇನೆ, ಸೊಂಟ ಒಂದು ಬಿಟ್ಟು. ಎಡಗಾಲಿನ ಹೆಬ್ಬೆರಳು ಇನ್ನೊಂದು ಬಿಟ್ಟು. ಅದರ ಕಥೆ ಮುಂದೆ ಬರುತ್ತದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ, ಕಾಗದ ಯಾಕೆ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನಾನು ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ನೀನು ಹತ್ತನೆಯದಕ್ಕೆ ಉತ್ತರ ಕೊಟ್ಟು ಮುಗಿಸಿರುತ್ತೀಯ. ಈ ವಿಷಯವನ್ನು ತುದಿಯಿಂದ ಬುಡದವರೆಗೆ, ನಡುವೆ ಯಾರೂ ಬಾಯಿ ಹಾಕದಂತೆ ಹೇಳಬೇಕಾಗಿದೆ. ಕಾಗದಕ್ಕೆ ಎದುರುತ್ತರ ಕೊಡಲು ಬರುವುದಿಲ್ಲ, ಅದೇ ಅದರ ದೊಡ್ಡ ಗುಣ. ವಿಷಯ ಬಿದಿರಿನದು. ಕೂತುಕೊಂಡೇ ಓದು.

ಹೊರಡುವ ದಿನ ಬಸ್ಸಿನ ಕಿಟಕಿಯಿಂದ ನೀನು ಕೊಟ್ಟ ಎರಡು ಆಜ್ಞೆಗಳು ನನಗೆ ಬಾಯಿಪಾಠವಾಗಿವೆ. ಒಂದು, "ನಾನು ಬರೋಷ್ಟರಲ್ಲಿ ನಮ್ಮ ಕಡೆ ಒಂದೇ ಒಂದು ಬಿದಿರು ಮೊಳಕೆ ಕಾಣಬಾರದು." ಇನ್ನೊಂದು, "ಆ ಮನೆ ಜೊತೆ ಒಂದು ಮಾತೂ ಆಡಬಾರದು ರೀ, ನನ್ನಾಣೆ." ಆ ಮನೆ ಎಂದರೆ ಟೈಲರಮ್ಮನ ಮನೆ. ಎರಡು ವರ್ಷದಿಂದ ನೀನು ಆಕೆಯನ್ನು ಹೆಸರಿಡದೆ, ವೃತ್ತಿ ಹೇಳದೆ, ಬರೀ 'ಆ ಮನೆ' ಎನ್ನುತ್ತೀಯ. ಅದಕ್ಕೆ ಮುಂಚೆ ಹದಿನೈದು ವರ್ಷ ದಿನಾ ನಾಲ್ಕು ಗಂಟೆಗೆ ಆಕೆ ಹೊಲಿಗೆ ಯಂತ್ರ ನಿಲ್ಲಿಸಿ, ಗುಂಡಿ ಹಾಕುವ ಅಂಗಿಗಳನ್ನು ಮಡಿಲಲ್ಲಿಟ್ಟುಕೊಂಡು ಇದೇ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಳು. ನೀವಿಬ್ಬರೂ ಚಹಾ ಕುಡಿಯುತ್ತಾ ಯಾರ ಸೀರೆಯ ಬಗ್ಗೆ ಏನು ಹೇಳುತ್ತಿದ್ದಿರಿ ಎಂಬುದು ಅಂಗಡಿಯಲ್ಲಿ ಕೂತ ನನಗೆ ಅಕ್ಷರ ಅಕ್ಷರ ಕೇಳುತ್ತಿತ್ತು. ಗಡಿಯಾರ ರಿಪೇರಿಯವನ ಕಿವಿ ಸೂಕ್ಷ್ಮ, ನೀನು ಮರೆತಿರುತ್ತೀಯ.

ಆ ಜಗಳ ನೆನಪಿದೆಯಲ್ಲ? ನಿನ್ನ ಬೀನ್ಸ್ ಪಾತಿಯ ನಡುವಿನಿಂದ ಬಿದಿರು ಈಟಿಯ ಹಾಗೆ ಎದ್ದು ಬಂದ ಬೆಳಿಗ್ಗೆ, ಆಕೆಯ ಹಿತ್ತಲಿನ ಬಿದಿರು ಮೆಳೆ ತೋರಿಸಿ ನೀನು ಗೋಡೆಯ ಮೇಲಿಂದ ಕೂಗಿದೆ. ಆಕೆ, "ನಾನು ನೆಟ್ಟಿಲ್ಲ ಅಕ್ಕಾ, ಅದು ತಾನಾಗೇ ಬಂದಿದ್ದು" ಎಂದಳು. ನೀನು, "ತಾನಾಗೇ ಬರೋಕೆ ಅದೇನು ಆಕಾಶದಿಂದ ಬಿತ್ತಾ? ಸುಳ್ಳು ಹೇಳೋಕೂ ಒಂದು ಮಿತಿ ಬೇಕು" ಎಂದೆ. ಆಗ ಆಕೆ, "ರೋಗಿಗಳನ್ನ ಗದರಿಸಿದ ಹಾಗೆ ನನ್ನ ಗದರಿಸಬೇಡ, ಪಾಪ, ಅವರು ಮಲಗಿದ ಕಡೆಯಿಂದ ಎದ್ದು ಹೋಗೋಕೆ ಆಗದೆ ಸಹಿಸಿಕೊಂಡಿರ್ತಾರೆ" ಎಂದಳು. ಎಂದೂ ಯಾವ ರೋಗಿಗೂ ದನಿ ಏರಿಸದ ನಿನಗೆ ಆ ಮಾತು ಎಲ್ಲಿ ತಗುಲಿತೆಂದು ನನಗೆ ಗೊತ್ತು. ಅವತ್ತು ನಾಲ್ಕು ಗಂಟೆಗೆ ನೀನು ಅಭ್ಯಾಸಬಲದಿಂದ ಎರಡು ಲೋಟಕ್ಕೆ ಚಹಾ ಹಾಕಿ, ಒಂದನ್ನು ಹಾಗೇ ಬಚ್ಚಲಿಗೆ ಚೆಲ್ಲಿದೆ. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಹೆಂಗಸರ ಜಗಳಕ್ಕೆ ಕೈ ಹಾಕಿದ ಗಂಡಸು ಉದ್ಧಾರವಾದದ್ದು ನಾನಂತೂ ಕಂಡಿಲ್ಲ.

ಇರಲಿ. ನೀನು ಹೋದ ಮೊದಲ ವಾರ ನಾನು ಕತ್ತರಿ ಹಿಡಿದು ಶೂರನಂತೆ ತೋಟಕ್ಕಿಳಿದೆ. ಬೆಳಿಗ್ಗೆ ಕತ್ತರಿಸಿದ ಕಡೆ ಎರಡೇ ದಿನದಲ್ಲಿ ಗೇಣುದ್ದ ಮತ್ತೆ ನಿಂತಿರುತ್ತಿತ್ತು. ಒಂದಕ್ಕೆ ಎರಡರಂತೆ. ಎರಡನೇ ವಾರ ಕುದಿಯುವ ನೀರು ಸುರಿದೆ. ನೀರಿನಲ್ಲಿ ಅರ್ಧ ಮೊಳಕೆಯ ಮೇಲೆ ಬಿತ್ತು, ಅರ್ಧ ನನ್ನ ಎಡಗಾಲಿನ ಹೆಬ್ಬೆರಳ ಮೇಲೆ. ಮೊಳಕೆ ಮಾರನೇ ದಿನವೇ ಚೇತರಿಸಿಕೊಂಡಿತು, ಹೆಬ್ಬೆರಳಿಗೆ ಹತ್ತು ದಿನ ಬೇಕಾಯಿತು. ಆಮೇಲೆ ಉಪ್ಪು ಹಾಕಿದರೆ ಒಣಗುತ್ತದೆ ಎಂದು ಯಾರೋ ಹೇಳಿದರು. ಉಪ್ಪು ಹಾಕಿದೆ. ಒಣಗಿತು, ಆದರೆ ಒಣಗಿದ್ದು ನಿನ್ನ ಬಿಳಿ ಗುಲಾಬಿ. ಇದನ್ನು ಇಲ್ಲೇ, ದೊಡ್ಡ ತಪ್ಪಿಗೆ ಮುಂಚೆಯೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ದೊಡ್ಡದನ್ನು ಓದಿದ ಮೇಲೆ ಇದು ನಿನಗೆ ಚಿಕ್ಕದಾಗಿ ಕಾಣಲಿ ಎಂಬ ಆಸೆ ಇದೆ.

ಕೊನೆಗೆ ನರ್ಸರಿಯವನ ಬಳಿ ಹೋದೆ. ಅವನು ನನ್ನ ಕಾಲಿನ ಪಟ್ಟಿ ನೋಡಿ ನಗು ತಡೆದುಕೊಂಡು, "ಮೇಲೆ ಕಾಣೋದನ್ನ ಕತ್ತರಿಸಿ ಪ್ರಯೋಜನ ಇಲ್ಲ ಸಾರ್, ಇದು ನೆಲದೊಳಗೆ ಓಡೋ ಜಾತಿ, ಬೇರು ಹಿಡಿದುಕೊಂಡು ಹಿಂದಕ್ಕೆ ಹೋಗಿ. ಮೊನೆ ಬೆಳ್ಳಗೆ ಎಳಸಾಗಿರುತ್ತೆ, ಹಿಂದೆ ಹಿಂದೆ ಹೋದ ಹಾಗೆ ಕಪ್ಪಗೆ ಗಟ್ಟಿ. ಎಲ್ಲಕ್ಕಿಂತ ಹಳೇದು ಸಿಕ್ಕಿದರೆ ತಾಯಿ ಸಿಕ್ಕಿದ ಹಾಗೆ" ಎಂದ. ಕೇಳಿದ ಕೂಡಲೇ ನನಗೆ ಜೀವ ಬಂತು. ಇದು ನನಗೆ ಗೊತ್ತಿರುವ ಕೆಲಸ! ಗಡಿಯಾರ ನಿಂತರೆ ನಾವು ಮುಳ್ಳಿಗೆ ಬೈಯುತ್ತೇವೆಯೇ? ಮುಳ್ಳಿನಿಂದ ಚಕ್ರಕ್ಕೆ, ಆ ಚಕ್ರದಿಂದ ಅದರ ಹಿಂದಿನ ಚಕ್ರಕ್ಕೆ ಹೋಗುತ್ತೇವೆ. ನನಗೆ ಕೆಲಸ ಕಲಿಸಿದ ಯಜಮಾನರು ಬಿಚ್ಚುವ ಮೊದಲು ಬರೆದುಕೋ, ಬರೆಯುವ ಮೊದಲು ಬಿಲ್ಲೆ ಕಟ್ಟು ಎನ್ನುತ್ತಿದ್ದರು. ಅಂಗಡಿಗೆ ಬಂದ ಪ್ರತಿಯೊಂದಕ್ಕೂ ನಾನು ನಂಬರು ಹೊಡೆದ ತಗಡಿನ ಬಿಲ್ಲೆ ಕಟ್ಟುವುದು ನಿನಗೆ ಗೊತ್ತೇ ಇದೆ. ಮರೆತು ಬಿಟ್ಟುಹೋದ ಗಿರಾಕಿಯ ಛತ್ರಿಗೂ ಕಟ್ಟಿದ್ದೇನೆಂದು ನೀನು ಊರೆಲ್ಲ ಹೇಳಿಕೊಂಡು ನಕ್ಕಿದ್ದೀಯ.

ಹಳೆಯ ಕ್ಯಾಲೆಂಡರಿನ ಬೆನ್ನಿಗೆ ತೋಟದ ನಕ್ಷೆ ಬರೆದೆ. ಚಿಕ್ಕ ಸಲಿಕೆ, ಬ್ರಷ್ಷು, ಮೂರು ಸ್ಕ್ರೂಡ್ರೈವರ್ ಹಿಡಿದು ಮಣ್ಣು ಬಿಡಿಸಿದೆ. ಸಿಕ್ಕ ಒಂದೊಂದು ಬೇರಿಗೂ ಬಿಲ್ಲೆ ಕಟ್ಟಿದೆ. ಐದು ದಿನದಲ್ಲಿ ಹದಿನಾರು ಬೇರು ಕಿತ್ತು ಹೊರಹಾಕಿದೆ. ನಿನ್ನ ಬೀನ್ಸ್ ಪಾತಿ ನೋಡಿದರೆ ಯಾವುದೋ ಹಳೆಯ ಪಟ್ಟಣ ಅಗೆದು ತೆಗೆದ ಹಾಗಿತ್ತು. ಎಲ್ಲವೂ ಹೋಗಿ ಸೇರಿದ್ದು ಬೇರು ನಂಬರ್ ಹದಿನೇಳಕ್ಕೆ. ನನ್ನ ತೋರುಬೆರಳಿನಷ್ಟು ದಪ್ಪ. ಅದು ನೆಟ್ಟಗೆ ಗೋಡೆಯ ಕೆಳಗೆ ನುಗ್ಗಿ ಟೈಲರಮ್ಮನ ಕಡೆಗೆ ಹೋಗಿತ್ತು.

ಈಗ ನನ್ನ ಫಜೀತಿ ನೋಡು. ಬೇರು ಆ ಕಡೆ, ಆಣೆ ಈ ಕಡೆ. ಒಂದು ಮಧ್ಯಾಹ್ನವೆಲ್ಲ ಯೋಚಿಸಿದೆ. ನೀನು ಮಾತಾಡಬಾರದು ಎಂದಿದ್ದೆ, ಬರೆಯಬಾರದು ಎಂದಿರಲಿಲ್ಲ. ಒಂದು ಚೀಟಿಯಲ್ಲಿ, "ಬೇರು ನಂಬರ್ ಹದಿನೇಳು ತಮ್ಮ ಆವರಣವನ್ನು ಪ್ರವೇಶಿಸಿದೆ. ಹಿಂಬಾಲಿಸಲು ಅಪ್ಪಣೆಯಾಗಬೇಕು" ಎಂದು ಬರೆದು, ದಾರ ಕಟ್ಟಿ ಗೋಡೆಯ ಮೇಲಿಂದ ಇಳಿಬಿಟ್ಟೆ. ಅರ್ಧ ಗಂಟೆಯ ಮೇಲೆ ದಾರ ಜಗ್ಗಿತು. ಎಳೆದು ನೋಡಿದರೆ ಅಳತೆ ಬರೆಯುವ ಚೀಟಿಯ ಮೇಲೆ ಉತ್ತರ: "ಬನ್ನಿ ಅಣ್ಣಾ. ಬರುವಾಗ ಒಣಗಲು ಹಾಕಿದ ಬಟ್ಟೆಗೆ ಮಣ್ಣು ಮಾಡಿದರೆ ಕೊಲ್ಲುತ್ತೇನೆ." ಅಣ್ಣ ಎಂದು ಬರೆದಿದ್ದ ಆ ಚೀಟಿಯನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ, ಅದನ್ನು ನಿನ್ನಿಂದ ಯಾಕೆ ಮುಚ್ಚಿಡಲಿ.

ಹಾಗೆ ನಾಲ್ಕು ದಿನ ನಾನು ಆ ಹಿತ್ತಲಿನಲ್ಲಿ ಮೂಕನಂತೆ ಅಗೆದೆ. ಆಕೆ ಕಿಟಕಿಯ ಪಕ್ಕ ಯಂತ್ರ ತುಳಿಯುತ್ತಾ ನೋಡುತ್ತಿದ್ದಳು. ಏನಾದರೂ ಬೇಕಿದ್ದರೆ ನಾನು ಚೀಟಿ ಬರೆಯುತ್ತಿದ್ದೆ, ಆಕೆ ಬಾಯಲ್ಲೇ ಉತ್ತರ ಕೊಡುತ್ತಿದ್ದಳು. ಆಕೆಗೇನು ಆಣೆ ಇರಲಿಲ್ಲವಲ್ಲ. ನೀರು ಕುಡಿಯಲು ಒಳಗೆ ಕರೆದಾಗ ಗೋಡೆಯ ಮೊಳೆಗೆ ಅಂಗೈಯಗಲದ ನಾಲ್ಕು ಫ್ರಾಕು ತೂಗುಹಾಕಿದ್ದು ಕಂಡಿತು. ಯಾರ ಆರ್ಡರು ಎಂದು ಚೀಟಿ ಬರೆದು ಕೇಳಿದೆ. "ಯಾರದೂ ಅಲ್ಲ. ಅಕ್ಕನಿಗೆ ಮೊಮ್ಮಗಳು ಹುಟ್ಟಿದಳು ಅಂತ ಹಾಲಿನವನು ಹೇಳಿದ. ಕೈ ಸುಮ್ಮನೆ ಇರಲಿಲ್ಲ, ಹೊಲಿದೆ. ಕೊಡೋಕೆ ಮುಖ ಬೇಕಲ್ಲ" ಎಂದು ಹೇಳಿ ಆಕೆ ಮತ್ತೆ ಯಂತ್ರಕ್ಕೆ ಹೋಗಿ ಕೂತಳು. ನೀರು ಕುಡಿದು ಹೊರಗೆ ಬಂದೆ.

ಬೇರು ಹದಿನೇಳು ಆಕೆಯ ಬಟ್ಟೆ ಒಗೆಯುವ ಕಲ್ಲನ್ನು ಸುತ್ತಿ, ಬಿದಿರು ಮೆಳೆಯ ಹೊಟ್ಟೆಯೊಳಗೆ ಹೊಕ್ಕು, ಅಲ್ಲಿಂದ ಆಚೆ ಬಂದಿತ್ತು. ಹಿಂದೆ ಹಿಂದೆ ಹೋದಂತೆ ಕಪ್ಪಗಾಗುತ್ತಿತ್ತು, ದಪ್ಪಗಾಗುತ್ತಿತ್ತು. ತಾಯಿ ಇಲ್ಲೇ ಎಲ್ಲೋ ಇದೆ, ಟೈಲರಮ್ಮನ ಸುಳ್ಳು ಇನ್ನೇನು ಹೊರಬೀಳುತ್ತದೆ ಎಂದು ನಾನು ಒಳಗೊಳಗೇ ನಿನ್ನ ಪರವಾಗಿ ಎದೆಯುಬ್ಬಿಸುತ್ತಿದ್ದೆ. ನಾಲ್ಕನೇ ದಿನ ನೋಡುತ್ತೇನೆ, ಬೇರು ಮೆಲ್ಲಗೆ ತಿರುಗಿದೆ. ತಿರುಗಿ ಮತ್ತೆ ನಮ್ಮ ಗೋಡೆಯತ್ತಲೇ ಹೊರಟಿದೆ. ನಮ್ಮ ನೀರಿನ ತೊಟ್ಟಿ ಇರುವ ಮೂಲೆಗೆ. ಕಿಟಕಿಯಿಂದ ಆಕೆ, "ಅಣ್ಣಾ, ಅಲ್ಲಿರೋ ಮೊನೆಗಳೆಲ್ಲ ನನ್ನ ಮನೆ ಕಡೆಗೆ ಇವೆಯಲ್ಲಾ. ಹಾಗಾದರೆ ಅವು ಹೊರಟಿದ್ದು ಎಲ್ಲಿಂದ?" ಎಂದಳು. ಅಳತೆ ಹಿಡಿಯುವವಳ ಕಣ್ಣು ನೋಡು. ಸಲಿಕೆ ಎತ್ತಿಕೊಂಡು ನಮ್ಮ ಮನೆಗೆ ಬಂದೆ.

ತೊಟ್ಟಿಯ ಹಿಂದಿನ ಕತ್ತಲ ಮೂಲೆ ನಿನಗೆ ಗೊತ್ತಲ್ಲ, ನನ್ನ ಮುರುಕು ಪೆಟ್ಟಿಗೆಗಳು ಇರುವ ಜಾಗ, 'ಅಲ್ಲಿಗೆ ನಾನು ಕಾಲಿಡೋದಿಲ್ಲ' ಎಂದು ನೀನು ಕೈಬಿಟ್ಟ ಜಾಗ. ಪೆಟ್ಟಿಗೆಗಳನ್ನು ಸರಿಸಿ ಅಗೆದೆ. ಗೇಣು ಆಳದಲ್ಲಿ ಒಂದು ನೀಲಿ ಪಿಂಗಾಣಿ ಕುಂಡ, ಮೂರು ಹೋಳಾಗಿ ಒಡೆದಿತ್ತು. ಒಳಗೆ ನನ್ನ ಮುಷ್ಟಿಯಷ್ಟು ಕಪ್ಪು ಗಂಟು, ಅದರಿಂದ ಹೊರಟ ಒಂದೇ ಬೇರು ಬೆಳಕು ಹುಡುಕಿಕೊಂಡು ಗೋಡೆ ದಾಟಿತ್ತು. ಕುಂಡದ ಕಂಠಕ್ಕೆ ತಂತಿ. ತಂತಿಯಲ್ಲಿ ತಗಡಿನ ಬಿಲ್ಲೆ. ಬಿಲ್ಲೆಯ ಮೇಲೆ ನನ್ನ ಕೈಯಾರೆ ಹೊಡೆದ ನಂಬರು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಂಬರು ಕಂಡ ಕೂಡಲೇ ನೆನಪಾಯಿತು. ಹನ್ನೊಂದು ವರ್ಷದ ಹಿಂದೆ ಮೂಲೆ ಬೀದಿಯ ಕ್ಷೌರದಂಗಡಿಯವನು, ಕುರ್ಚಿಯಲ್ಲಿ ಕೂತವರಿಗೆ ಕನ್ನಡಿಯಲ್ಲಿ ಗಂಟೆ ಸರಿಯಾಗಿ ಕಾಣುವ ಹಾಗೆ ಉಲ್ಟಾ ಓಡುವ ಗಡಿಯಾರ ಬೇಕು ಎಂದು ಹಟ ಹಿಡಿದಿದ್ದನಲ್ಲ? ಮಾಡಿಕೊಟ್ಟೆ. ಆ ಖುಷಿಗೆ ಅವನು, "ಚಂದದ ಬಿದಿರು ಸಾರ್, ಮೇಜಿನ ಮೇಲೆ ಇಟ್ಟುಕೊಳ್ಳಿ, ಜಾಸ್ತಿ ಬೆಳೆಯೋದಿಲ್ಲ" ಎಂದು ಈ ಕುಂಡ ತಂದುಕೊಟ್ಟ. ಅಂಗಡಿಗೆ ಬಂದದ್ದು ತಾನೇ, ಬಿಲ್ಲೆ ಕಟ್ಟಿದೆ. ಆದರೆ ಅದೇ ದಿನ ಬೆಳಿಗ್ಗೆ ನೀನು, "ಈ ಮನೆಗೆ ಇನ್ನೊಂದು ಕುಂಡ ಬಂದರೆ ಅದಿರಬೇಕು, ಇಲ್ಲ ನಾನಿರಬೇಕು" ಎಂದಿದ್ದೆ. ಯಾರಿಗಾದರೂ ಕೊಟ್ಟರಾಯಿತು ಎಂದು ತೊಟ್ಟಿಯ ಹಿಂದೆ ಬಚ್ಚಿಟ್ಟೆ. ಬಚ್ಚಿಟ್ಟದ್ದನ್ನು ಮರೆತೆ. ಮೇಲೆ ಪೆಟ್ಟಿಗೆ ಬಿತ್ತು, ಮಣ್ಣು ಬಿತ್ತು, ವರ್ಷಗಳು ಕಳೆದವು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಆ ಹೆಣ್ಣುಮಗಳು ನೆಟ್ಟಿರಲಿಲ್ಲ. ಆಕೆ ನಿನಗೆ ಹೇಳಿದ್ದು ಸತ್ಯ. ನೀನು ಸುಳ್ಳಿ ಎಂದೆ, ನಾನು ಒಳಗೆ ಕೂತು ಕೇಳಿಸಿಕೊಂಡೆ, ಹೌದಿರಬಹುದು ಎಂದುಕೊಂಡು ಭೂತಗನ್ನಡಿ ಕಣ್ಣಿಗೇರಿಸಿದೆ. ನಿಮ್ಮ ಹದಿನೈದು ವರ್ಷದ ನಾಲ್ಕು ಗಂಟೆಗಳನ್ನು ಹಾಳು ಮಾಡಿದವನು ನಾನು.

ಪೂರ್ತಿ ಹೇಳುತ್ತೇನೆ, ಇದನ್ನೂ ಕೇಳು. ಬಿಲ್ಲೆ ಬಿಚ್ಚಿ ಜೇಬಿಗೆ ಹಾಕಿಕೊಂಡು ಮೂರು ದಿನ ಓಡಾಡಿದೆ. ಕುಂಡದ ಹೋಳು ಎಸೆದು, ಗೋಡೆಯ ಉದ್ದಕ್ಕೂ ತಗಡು ಹೂತು, ಬೇರು ತಡೆದು, 'ನೋಡು, ನಿನ್ನ ಆಜ್ಞೆ ಪಾಲಿಸಿದೆ' ಎಂದು ಮೀಸೆ ತಿರುವಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂರು ದಿನ ಒಂದು ಗಡಿಯಾರವನ್ನೂ ನೆಟ್ಟಗೆ ಮುಚ್ಚಲಾಗಲಿಲ್ಲ, ಒಂದರ ಸ್ಕ್ರೂ ಇನ್ನೊಂದಕ್ಕೆ ಹಾಕಿದೆ. ನಾಲ್ಕನೇ ದಿನ ನಾಲ್ಕು ಗಂಟೆಗೆ ಟೈಲರಮ್ಮನ ಬಾಗಿಲಿಗೆ ಹೋಗಿ, ನಿನ್ನ ಆಣೆ ಮುರಿದು, ಬಾಯಿಬಿಟ್ಟು ಹೇಳಿದೆ. ಆಣೆ ಮುರಿದದ್ದಕ್ಕೆ ಏನು ಶಿಕ್ಷೆಯೋ ಬಂದ ಮೇಲೆ ಕೊಡು.

ಆಕೆ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಎಂಥ ನಗು ಅಂತೀಯ, ಯಂತ್ರದ ಚಕ್ರ ಹಿಡಿದುಕೊಂಡು, ಬಾಯಲ್ಲಿದ್ದ ಗುಂಡುಪಿನ್ನು ಉಗಿದು, "ಅಣ್ಣಾ, ಕಳ್ಳಮಾಲಿಗೂ ನಂಬರು ಹಾಕಿದ್ದೀರಲ್ಲಾ!" ಎಂದು ನಕ್ಕಳು. ನಕ್ಕು ನಕ್ಕು ಹಾಗೇ ಅತ್ತಳು. "ಎರಡು ವರ್ಷ, ಅಕ್ಕ ನನ್ನ ಸುಳ್ಳಿ ಅಂದಳಲ್ಲ ಅಂತ ಅಲ್ಲ, ನಾನು ಅವಳ ಕೆಲಸದ ಬಗ್ಗೆ ಆ ಮಾತು ಅಂದೆನಲ್ಲ ಅಂತ ಒದ್ದಾಡಿದೀನಿ. ನಮ್ಮಮ್ಮ ಆಸ್ಪತ್ರೇಲಿದ್ದಾಗ ತಲೆ ಬಾಚಿದವಳು ಅವಳೇ. ಅದಕ್ಕೆ ನಾನೇ ಬಾಯಾರೆ ಕ್ಷಮೆ ಕೇಳಬೇಕು, ನೀವು ಕಾಗದದಲ್ಲಿ ಬರೆದು ಮುಗಿಸಿಬಿಡಬೇಡಿ" ಎಂದಳು. ಅದಕ್ಕೇ ಆಕೆಯ ಪರವಾಗಿ ನಾನೇನೂ ಬರೆಯುವುದಿಲ್ಲ. ನನ್ನ ಪರವಾಗಿ ಬರೆಯುತ್ತೇನೆ: ತಪ್ಪಾಯಿತು, ಹೊಟ್ಟೆಗೆ ಹಾಕಿಕೋ. ಬೈಯುವುದಿದ್ದರೆ ಪೂರಾ ನನಗೇ ಬೈ, ಅದರಲ್ಲಿ ಪಾಲು ಕೇಳಲು ಈಗ ಬೇರೆ ಯಾರೂ ಇಲ್ಲ.

ಆಕೆಯ ಕಿಟಕಿಗೆ ಬಿಸಿಲು ಹೊಡೆಯುತ್ತದೆಂದು ನೆರಳಿಗೆ ಐದು ಬಿದಿರು ಗಳುಗಳನ್ನು ಮಾತ್ರ ಸಿಮೆಂಟ್ ತೊಟ್ಟಿಯಲ್ಲಿ ಬಂದೋಬಸ್ತು ಮಾಡಿ ಉಳಿಸಿದ್ದೇವೆ. ಉಳಿದದ್ದೆಲ್ಲ ಬುಡಸಮೇತ ಹೋಯಿತು. ಗೋಡೆಯ ಉದ್ದಕ್ಕೂ ಮೊಳ ಆಳಕ್ಕೆ ತಗಡು ಹೂತಿದ್ದೇನೆ, ನನ್ನ ಸೊಂಟವೇ ಸಾಕ್ಷಿ. ಬೀನ್ಸ್ ಪಾತಿಗೆ ಹೊಸ ಮಣ್ಣು ಹಾಕಿ ಬೀಜ ಊರಿದ್ದೇವೆ, ಇವತ್ತು ಬೆಳಿಗ್ಗೆ ಎರಡೆಲೆ ಕಾಣಿಸಿದೆ. ನಾನು ನಾಲ್ಕು ಸಲ ಬಗ್ಗಿ ನೋಡಿದೆ, ಅದು ಬೀನ್ಸೇ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ಮೊಮ್ಮಗಳ ಮೂಗಿಗೆ, ಹೇಗಿದ್ದರೂ ಸರಿ, ಒಂದು ಮುತ್ತು. ನೀನು ಮಾತ್ರೆ ತಪ್ಪಿಸಬೇಡ. ಕೋಪ ಇಳಿದ ಮೇಲೆ ಒಂದು ಸಾಲು ಬರೆ, ಇಳಿಯದಿದ್ದರೆ ಎರಡು ಸಾಲು ಬರೆ.

ಇಂತಿ, ತಪ್ಪಿತಸ್ಥನಾದರೂ ನಿನ್ನವನೇ ಆದ
ಗಡಿಯಾರದವನು

ಮತ್ತೊಂದು ಮಾತು, ಶನಿವಾರ ಬೆಳಿಗ್ಗೆ, ಅವಸರದಲ್ಲಿ. ಇದನ್ನು ಲಕೋಟೆಗೆ ಹಾಕಿ ಅಂಚೆಗೆ ಹೊರಟಿದ್ದೆ. ಗೇಟಿನಲ್ಲೇ ಟೈಲರಮ್ಮ, ಇಸ್ತ್ರಿ ಸೀರೆ ಉಟ್ಟು, ಚೀಲ ಹಿಡಿದು ನಿಂತಿದ್ದಾಳೆ. "ಅಂಚೆಗೆ ಯಾಕೆ, ಇಲ್ಲಿ ಕೊಡಿ" ಎಂದಳು. ಎಂಟೂವರೆ ಬಸ್ಸಿಗೆ ನಿನ್ನಲ್ಲಿಗೇ ಬರುತ್ತಿದ್ದಾಳೆ. ಆದರೆ ಒಳಗೆ ಬರುವುದಿಲ್ಲವಂತೆ. ಕಾಗದವನ್ನು ಮಗಳ ಕೈಗೆ ಕೊಟ್ಟು, ಯಾರು ತಂದರೆಂದು ಹೇಳಬೇಡ ಎಂದು, ತಾನು ರಸ್ತೆಯಲ್ಲೇ ನಿಲ್ಲುತ್ತಾಳಂತೆ. "ಅಕ್ಕ ಎಲ್ಲಾ ಓದಿ, ತಾನಾಗಿ ಬಂದು ಕರೆದರೆ ಸರಿ. ಇಲ್ಲದಿದ್ದರೆ ಬಂದ ಬಸ್ಸಿಗೇ ವಾಪಸ್ಸು" ಎನ್ನುತ್ತಾಳೆ. ಎಷ್ಟು ಹೇಳಿದರೂ ಕೇಳಲಿಲ್ಲ, ಸ್ವಾಭಿಮಾನದಲ್ಲಿ ನಿನ್ನ ಒಡಹುಟ್ಟಿದ ತಂಗಿಯೇ ಸರಿ. ಇದು ಮೊದಲೇ ಗೊತ್ತಿದ್ದರೆ ನಾನು ಹೆಬ್ಬೆರಳ ಕಥೆ, ಉಪ್ಪಿನ ಕಥೆ ಎಲ್ಲ ಬಿಟ್ಟು ನಾಲ್ಕೇ ಸಾಲು ಬರೆಯುತ್ತಿದ್ದೆ. ನೀನು ಇಷ್ಟುದ್ದ ಓದುವಷ್ಟು ಹೊತ್ತೂ ಆಕೆ ಬಿಸಿಲಲ್ಲಿ ನಿಂತಿದ್ದಾಳೆ. ಇನ್ನೂ ಏನು ಓದುತ್ತಾ ಕೂತಿದ್ದೀಯ, ಏಳು, ಹೋಗಿ ಕರೆದುಕೊಂಡು ಬಾ.